ಕಿಟಕಿಯಿಂದ ಈಡು: ರಸ್ತೆಯಲ್ಲಿ ನಿಂತು ಶಿಕಾರಿ ಮಾಡಿದರೆ ತಪ್ಪೇನು?

ಅಕ್ಟೋಬರ್ ಕೊನೆಯ ಒಂದು ಬೆಳಗ್ಗೆ. ಸೂರ್ಯ ಇನ್ನೂ ಪೂರ್ತಿ ಎದ್ದಿಲ್ಲ. ಅಮೆರಿಕದ ಹಳ್ಳಿಗಾಡಿನ ಜಲ್ಲಿ ರಸ್ತೆಯಲ್ಲಿ ನಿಮ್ಮ ಕಾರು ಹೋಗುತ್ತಿದೆ ಅಂದುಕೊಳ್ಳಿ. ಮುಂದಿನ ಪಿಕಪ್ ಗಾಡಿ ಯಾಕೋ ತೆವಳುತ್ತಿದೆ. ಇದ್ದಕ್ಕಿದ್ದಂತೆ ಅದರ ಬ್ರೇಕ್ ದೀಪ ಕೆಂಪಗೆ ಹತ್ತುತ್ತದೆ. ಗಾಡಿ ಅಲ್ಲೇ ನಿಲ್ಲುತ್ತದೆ. ಕಿಟಕಿಯ ಗಾಜು ಇಳಿದು, ಕೋವಿಯ ನಳಿಗೆ ಹೊರಗೆ ಇಣುಕುತ್ತದೆ. ಹೊಲದ ಅಂಚಿನಲ್ಲಿ ಒಂದು ಜಿಂಕೆ ತಲೆ ಎತ್ತಿ ಗಾಡಿಯನ್ನೇ ನೋಡುತ್ತಿದೆ.

ಅಲ್ಲಿನವರು ಇದಕ್ಕೆ 'ರೋಡ್ ಹಂಟಿಂಗ್' ಅನ್ನುತ್ತಾರೆ. ಶಿಕಾರಿಗೆ ಲೈಸೆನ್ಸ್ ಸಿಗುವ ದೇಶಗಳಲ್ಲಿ, ಅದರಲ್ಲೂ ಅಮೆರಿಕ ಮತ್ತು ಕೆನಡಾದಲ್ಲಿ, ಪ್ರತಿ ವರ್ಷ ಸೀಸನ್ ಶುರುವಾದಾಗ ಇದರ ಜಗಳವೂ ಶುರುವಾಗುತ್ತದೆ. ವಿಶೇಷ ಏನೆಂದರೆ ಇದು ಶಿಕಾರಿ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ನಡುವಿನ ಜಗಳ ಅಲ್ಲ. ಹೆಚ್ಚಾಗಿ ಶಿಕಾರಿಯವರೇ ಶಿಕಾರಿಯವರ ಜೊತೆ ಆಡುವ ಜಗಳ. ಕೋವಿ ಮುಟ್ಟದ ನಮ್ಮಂಥವರಿಗೆ ಇದು ಯಾಕೆ ಬೇಕು ಅಂದರೆ, ಆ ರಸ್ತೆಯಲ್ಲಿ ನಾವೂ ಓಡಾಡುತ್ತೇವೆ, ಅಷ್ಟೇ.

ಯಾವುದು ರಸ್ತೆ ಶಿಕಾರಿ, ಯಾವುದು ಅಲ್ಲ

ಒಂದೇ ಹೆಸರಿನಡಿ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ವಾದ ಮಾಡುವವರು ಅರ್ಧ ಸಲ ಬೇರೆ ಬೇರೆ ವಿಷಯ ಮಾತಾಡುತ್ತಿರುತ್ತಾರೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ.

ಗಾಡಿಯೊಳಗೆ ಕೂತೇ, ಕಿಟಕಿಯಿಂದ ಅಥವಾ ಪಿಕಪ್‌ನ ಹಿಂಭಾಗದಿಂದ ಗುಂಡು ಹಾರಿಸುವುದು ಒಂದು ಬಗೆ. ಗಾಡಿ ನಿಲ್ಲಿಸಿ, ಇಳಿದು, ರಸ್ತೆಯ ಮೇಲೇ ನಿಂತು ಹೊಡೆಯುವುದು ಇನ್ನೊಂದು. ರಸ್ತೆಯ ಈ ಕಡೆ ನಿಂತು ಆ ಕಡೆಯ ಪ್ರಾಣಿಗೆ ಗುರಿ ಇಡುವುದು, ಅಂದರೆ ಗುಂಡು ರಸ್ತೆಯನ್ನೇ ದಾಟಿ ಹೋಗುವುದು, ಮತ್ತೂ ಒಂದು. ಇವು ಮೂರೂ ರಸ್ತೆ ಶಿಕಾರಿಯೇ.

ಆದರೆ ನಾಲ್ಕನೆಯದೊಂದಿದೆ. ಶಿಕಾರಿಯವನು ಬೆಳಗ್ಗೆ ಗಾಡಿಯಲ್ಲಿ ಸುತ್ತಾಡಿ, ದುರ್ಬೀನಿನಲ್ಲಿ ನೋಡಿ, ಪ್ರಾಣಿ ಯಾವ ಕಣಿವೆಯಲ್ಲಿದೆ ಎಂದು ಗುರುತು ಮಾಡಿಕೊಳ್ಳುತ್ತಾನೆ. ಆಮೇಲೆ ಗಾಡಿ ಒಂದು ಕಡೆ ನಿಲ್ಲಿಸಿ, ಕೋವಿ ಹೆಗಲಿಗೇರಿಸಿ, ನಡೆದು ಹೋಗುತ್ತಾನೆ. ಇದನ್ನೂ ಕೆಲವರು ಸುಮ್ನೆ ರಸ್ತೆ ಶಿಕಾರಿ ಎಂದು ಬೈಯುತ್ತಾರೆ. ಅದು ಸರಿಯಲ್ಲ. ಇಲ್ಲಿ ರಸ್ತೆ ಇರುವುದು ಹುಡುಕುವುದಕ್ಕೆ ಮಾತ್ರ, ಹೊಡೆಯುವುದಕ್ಕಲ್ಲ.

'ರಸ್ತೆ' ಅನ್ನುವ ಪದಕ್ಕೂ ಅರ್ಥ ಹೇಳಬೇಕು. ನಾವು ರಸ್ತೆ ಅಂದರೆ ಡಾಂಬರು ಅಥವಾ ಜಲ್ಲಿ ಹಾಕಿದ ಪಟ್ಟಿ ಅಂದುಕೊಳ್ಳುತ್ತೇವೆ. ಕಾನೂನಿನ ಲೆಕ್ಕ ಬೇರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಡಾಂಬರಿನ ಅಂಚು, ಪಕ್ಕದ ಹುಲ್ಲು, ಚರಂಡಿ ಎಲ್ಲವೂ ರಸ್ತೆಗೆ ಸೇರಿದ ಜಾಗವೇ. ಮೊಂಟಾನಾ ರಾಜ್ಯದಲ್ಲಂತೂ ಈ ಬೇಲಿಯಿಂದ ಆ ಬೇಲಿಯವರೆಗೆ ಎಂದು ಹಿಡಿದುಕೊಳ್ಳುತ್ತಾರೆ. ಹಾಗಾಗಿ 'ನಾನು ರಸ್ತೆಯಿಂದ ಇಳಿದು ಹುಲ್ಲಿನ ಮೇಲೆ ನಿಂತಿದ್ದೆ' ಅನ್ನುವ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಪ್ರಾಣಿಗಳು ರಸ್ತೆಗೆ ಯಾಕೆ ಬರುತ್ತವೆ

ಅಷ್ಟು ದೊಡ್ಡ ಕಾಡು ಬಿಟ್ಟು ಅವು ರಸ್ತೆಗೇ ಯಾಕೆ ಬರಬೇಕು? ಅವುಗಳಿಗೂ ಅಲ್ಲಿ ಕೆಲಸ ಇರುತ್ತದೆ.

ಫೆಸೆಂಟ್ ಎಂಬ ಕೋಳಿ ಜಾತಿಯ ಹಕ್ಕಿಯನ್ನೇ ನೋಡಿ. ಅದಕ್ಕೆ ಹಲ್ಲಿಲ್ಲ. ಕಾಳನ್ನು ಅರೆಯಲು ಹೊಟ್ಟೆಯೊಳಗೆ ದಪ್ಪ ಗೋಡೆಯ ಒಂದು ಚೀಲವಿದೆ. ಆ ಚೀಲ ಬೀಸುವ ಕಲ್ಲಿನ ಹಾಗೆ ಕೆಲಸ ಮಾಡಬೇಕಾದರೆ ಒಳಗೆ ನಿಜವಾಗಿಯೂ ಕಲ್ಲು ಬೇಕು. ಸಣ್ಣ ಹರಳು. ಅದು ಧಾರಾಳವಾಗಿ ಸಿಗುವ ಜಾಗ ಜಲ್ಲಿ ರಸ್ತೆ. ಅದಕ್ಕೇ ಬೆಳಗ್ಗೆ ಮತ್ತು ಸಂಜೆ ಈ ಹಕ್ಕಿಗಳು ರಸ್ತೆ ಬದಿಗೆ ಬಂದು, ಕತ್ತು ಬಗ್ಗಿಸಿ, ಒಂದೊಂದೇ ಹರಳು ಆರಿಸಿ ನುಂಗುತ್ತಿರುತ್ತವೆ. ಗ್ರೌಸ್ ಹಕ್ಕಿಗಳದೂ ಇದೇ ಅಭ್ಯಾಸ.

ಜಿಂಕೆಗಳ ಕಾರಣ ಬೇರೆ. ರಸ್ತೆ ಬದಿಯ ಮರ ಕಡಿದು ಬಯಲು ಮಾಡಿರುತ್ತಾರೆ, ಬಿಸಿಲು ಬೀಳುತ್ತದೆ, ಎಳೆ ಹುಲ್ಲು ಚಿಗುರುತ್ತದೆ. ಚಳಿ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದನ್ನು ನೆಕ್ಕಲೂ ಬರುತ್ತವೆ. ಶರತ್ಕಾಲದಲ್ಲಿ ಬೆದೆಗೆ ಬಂದ ಗಂಡು ಜಿಂಕೆಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಹೆಣ್ಣಿನ ವಾಸನೆ ಹಿಡಿದು ಹಾಡಹಗಲೇ ರಸ್ತೆ ದಾಟುತ್ತದೆ. ಶಿಕಾರಿ ಸೀಸನ್ ಬರುವುದೂ ಹೆಚ್ಚಾಗಿ ಅದೇ ತಿಂಗಳುಗಳಲ್ಲಿ.

ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ದಿನವೂ ನೂರು ಗಾಡಿ ನೋಡುವ ಪ್ರಾಣಿಗೆ ಗಾಡಿ ಅಂದರೆ ಭಯ ಇಲ್ಲ. ಅದರ ಪಾಲಿಗೆ ಅದು ಸದ್ದು ಮಾಡುತ್ತಾ ಹೋಗುವ ಒಂದು ವಸ್ತು. ಆಫ್ರಿಕಾದ ಸಫಾರಿಗೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಜೀಪಿನಲ್ಲಿ ಹತ್ತು ಜನ ಕೂತಿದ್ದರೂ ಕ್ಯಾರೇ ಅನ್ನದ ಪ್ರಾಣಿ, ಒಬ್ಬ ಕೆಳಗೆ ಕಾಲಿಟ್ಟರೆ ಸಾಕು, ಓಟ ಕೀಳುತ್ತದೆ. ರಸ್ತೆ ಶಿಕಾರಿಯ ನೀತಿಯ ಪ್ರಶ್ನೆ ಹುಟ್ಟುವುದೇ ಇಲ್ಲಿಂದ. ಅದಕ್ಕೆ ಆಮೇಲೆ ಬರೋಣ.

ತಪ್ಪಿದ ಗುಂಡು ಎಲ್ಲಿ ನಿಲ್ಲುತ್ತದೆ

ಸಿನಿಮಾದಲ್ಲಿ ಗುಂಡು ಹಾರಿದರೆ ಎದುರಿನವನು ಬೀಳುತ್ತಾನೆ, ಕಥೆ ಮುಗಿಯುತ್ತದೆ. ನಿಜದಲ್ಲಿ ಗುಂಡಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಗುರಿ ತಪ್ಪಬಹುದು. ತಪ್ಪದಿದ್ದರೂ ಜಿಂಕೆಯ ಮೈಯನ್ನು ತೂರಿ ಆಚೆ ಹೋಗಬಹುದು, ಹಾಗೆ ಹೋಗುವುದು ತೀರಾ ಸಾಮಾನ್ಯ.

ಒಂದು ಸಣ್ಣ ಲೆಕ್ಕ ಮಾಡೋಣ. ಜಿಂಕೆ ಶಿಕಾರಿಗೆ ಬಳಸುವ ರೈಫಲ್‌ನ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿರುತ್ತದೆ. ಸದ್ದಿನ ವೇಗದ ಎರಡು ಪಟ್ಟಿಗಿಂತ ಜಾಸ್ತಿ. ನಿಂತ ಮನುಷ್ಯನ ಭುಜದೆತ್ತರದಲ್ಲಿ, ಅಂದರೆ ಒಂದೂವರೆ ಮೀಟರ್ ಎತ್ತರದಲ್ಲಿ, ನಳಿಗೆಯನ್ನು ನೆಲಕ್ಕೆ ಸಮನಾಗಿ ಹಿಡಿದು ಹೊಡೆದರೆ ಗುಂಡು ನೆಲಕ್ಕೆ ಬೀಳಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ. ಅದೇ ಎತ್ತರದಿಂದ ಕೈಜಾರಿ ಬಿದ್ದ ಕಲ್ಲಿಗೂ ಅಷ್ಟೇ ಸಮಯ ಬೇಕು. ಕಲ್ಲು ಕಾಲ ಬುಡದಲ್ಲಿ ಬೀಳುವ ಹೊತ್ತಿಗೆ ಗುಂಡು ಸುಮಾರು 400 ಮೀಟರ್ ಆಚೆ ನೆಲ ಮುಟ್ಟುತ್ತದೆ. ಇದು ಬಯಲು ನೆಲದ ಮಾತು. ನಳಿಗೆ ಸ್ವಲ್ಪ ಮೇಲಕ್ಕೆ ವಾಲಿತೋ, ಲೆಕ್ಕ ಮೀಟರ್ ಬಿಟ್ಟು ಕಿಲೋಮೀಟರ್‌ಗೆ ಹೋಗುತ್ತದೆ. ಮೊಲ, ಅಳಿಲು ಹೊಡೆಯುವ ಪಾಯಿಂಟ್ ಟ್ವೆಂಟಿಟೂ ತೋಟೆಯ ಡಬ್ಬಿ ನೋಡಿ. ಬೆರಳ ತುದಿಯಷ್ಟಿರುವ ಆ ಗುಂಡು ಒಂದೂವರೆ ಮೈಲಿ, ಅಂದರೆ 2.4 ಕಿಲೋಮೀಟರ್ ತನಕ ಅಪಾಯ ಎಂದು ಎಚ್ಚರಿಕೆ ಬರೆದಿರುತ್ತಾರೆ. ದೊಡ್ಡ ರೈಫಲ್‌ನ ಗುಂಡು ಅದರ ಎರಡು ಪಟ್ಟು ದೂರ ಹೋಗಬಲ್ಲದು.

ಅದಕ್ಕೇ ಶಿಕಾರಿ ಕಲಿಸುವ ತರಗತಿಗಳಲ್ಲಿ ತಲೆಗೆ ತುರುಕುವ ಪಾಠ ಇದು: ಪ್ರಾಣಿಯನ್ನು ನೋಡಿದರೆ ಸಾಲದು, ಪ್ರಾಣಿಯ ಹಿಂದೆ ಏನಿದೆ ನೋಡು. ಹಿಂದೆ ಮಣ್ಣಿನ ದಿಣ್ಣೆ ಇದ್ದರೆ ಗುಂಡು ಅಲ್ಲಿ ಹೂತುಹೋಗುತ್ತದೆ. ಹಿಂದೆ ಬರೀ ಆಕಾಶ ಇದ್ದರೆ ಆ ಈಡನ್ನು ಬಿಡಬೇಕು. ದಿಬ್ಬದ ನೆತ್ತಿಯಲ್ಲಿ ಕೊಂಬು ಬಿಚ್ಚಿ ನಿಂತ ಜಿಂಕೆ ಫೋಟೋಗೆ ಚೆಂದ. ಗುರಿ ಇಡಲು ಅಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ರಸ್ತೆಯಲ್ಲಿ ಈ ಲೆಕ್ಕ ಎರಡು ಕಡೆಗೂ ತಿರುಗಬಹುದು. ರಸ್ತೆ ಎತ್ತರದಲ್ಲಿದ್ದು ಪ್ರಾಣಿ ಕೆಳಗಿನ ಹೊಲದಲ್ಲಿದ್ದರೆ ಗುಂಡು ನೆಲದ ಕಡೆಗೇ ಹೋಗುತ್ತದೆ. ಗುಡ್ಡ ಕಡಿದು ಮಾಡಿದ ರಸ್ತೆಯಲ್ಲಾದರೆ ಪ್ರಾಣಿ ಮೇಲಿನ ದಂಡೆಯ ಅಂಚಿನಲ್ಲಿರುತ್ತದೆ, ಹಿಂದೆ ಏನಿದೆ ಎಂದು ಕೆಳಗಿನವನಿಗೆ ಕಾಣುವುದೇ ಇಲ್ಲ. ಮನೆ ಇರಬಹುದು. ಅದೇ ರಸ್ತೆ ತಿರುವು ತೆಗೆದುಕೊಂಡು ಆ ದಂಡೆಯ ಹಿಂದೆಯೇ ಹಾದುಹೋಗಿರಬಹುದು. ಹಳ್ಳಿ ರಸ್ತೆಗಳು ನೇರ ಇರುವುದಿಲ್ಲ, ಮನೆಗಳು ಇರುವುದೂ ಆ ರಸ್ತೆಗಳ ಗುಂಟವೇ. ಸಾಲದ್ದಕ್ಕೆ ಡಾಂಬರು, ಹೆಪ್ಪುಗಟ್ಟಿದ ನೆಲ, ಕಲ್ಲು, ನೀರು ಇವುಗಳಿಗೆ ಓರೆಯಾಗಿ ತಾಗಿದ ಗುಂಡು ನಿಲ್ಲುವುದಿಲ್ಲ. ಕೆರೆಯ ಮೇಲೆ ಚಪ್ಪಟೆ ಕಲ್ಲು ಎಸೆದರೆ ಕುಪ್ಪಳಿಸುತ್ತಾ ಹೋಗುತ್ತದಲ್ವಾ, ಹಾಗೇ ಚಿಮ್ಮುತ್ತದೆ. ಆ ಕಲ್ಲು ಎಲ್ಲಿಗೆ ಹೋಗುತ್ತದೆ ಎಂದು ಎಸೆದವನಿಗೆ ಒಂದು ಅಂದಾಜಾದರೂ ಇರುತ್ತದೆ. ಗುಂಡಿನ ವಿಷಯದಲ್ಲಿ ಅದೂ ಇಲ್ಲ.

ಕಾರಿನೊಳಗೆ ಕೋವಿ

ಗಾಡಿ ನಿಲ್ಲಿಸಿದ ಮೇಲೆ ತೋಟೆ ತುಂಬುತ್ತಾ ಕೂತರೆ ಪ್ರಾಣಿ ಕಾಯುವುದಿಲ್ಲ. ಹಾಗಾಗಿ ರಸ್ತೆ ಶಿಕಾರಿ ಮಾಡುವವನಿಗೆ ತುಂಬಿದ ಕೋವಿಯನ್ನೇ ಪಕ್ಕದಲ್ಲಿ ಇಟ್ಟುಕೊಳ್ಳುವ ಆಸೆ. ಅಪಾಯ ಶುರುವಾಗುವುದು ಇಲ್ಲಿಂದ.

ಕಾರಿನೊಳಗೆ ಜಾಗ ಕಡಿಮೆ. ಉದ್ದನೆಯ ಕೋವಿಯನ್ನು ಯಾವ ಕಡೆ ತಿರುಗಿಸಿದರೂ ನಳಿಗೆ ಯಾರದೋ ಮೊಣಕಾಲು, ಯಾರದೋ ಪಕ್ಕೆ ನೋಡುತ್ತಿರುತ್ತದೆ. ಹಿಂದಿನ ಸೀಟಿನಿಂದ ಕೋವಿ ಎಳೆದುಕೊಳ್ಳುವವನು ಕೈಗೆ ಮೊದಲು ಸಿಕ್ಕ ತುದಿಯನ್ನು ಹಿಡಿಯುತ್ತಾನೆ, ಆ ತುದಿ ನಳಿಗೆಯೇ ಆಗಿರುತ್ತದೆ. ಎಳೆಯುವಾಗ ಟ್ರಿಗರ್ ಯಾವುದೋ ಚೀಲದ ಪಟ್ಟಿಗೆ ಸಿಕ್ಕಿದರೆ ಮುಗಿಯಿತು. ಶಿಕಾರಿ ಅಪಘಾತಗಳಲ್ಲಿ ಇದು ಹಳೇ ಕಥೆ. ಸೀಟಿನಲ್ಲಿದ್ದ ನಾಯಿ ಕಾಲಿಟ್ಟು ಕೋವಿ ಹಾರಿದ ಪ್ರಕರಣಗಳೂ ಉಂಟು.

ಕೋವಿ ಹಿಡಿಯದವರಿಗೆ ಹೊಳೆಯದ ಇನ್ನೊಂದು ತೊಂದರೆ ಇದೆ. ರೈಫಲ್ ಮೇಲೆ ದೂರದರ್ಶಕ ಕೂರಿಸಿರುತ್ತಾರೆ. ಅದು ನಳಿಗೆಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲಿರುತ್ತದೆ. ಬಾನೆಟ್ ಮೇಲೋ ಕಿಟಕಿಯ ಅಂಚಿನ ಮೇಲೋ ಕೋವಿ ಊರಿ ಗುರಿ ಇಟ್ಟರೆ ದೂರದರ್ಶಕದಲ್ಲಿ ದಾರಿ ಪೂರ್ತಿ ಖಾಲಿ ಕಾಣುತ್ತದೆ. ಜಿಂಕೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಾಲ್ಕು ಸೆಂಟಿಮೀಟರ್ ಕೆಳಗಿರುವ ನಳಿಗೆಯ ಎದುರಿಗೆ ಬಾನೆಟ್‌ನ ಉಬ್ಬೋ, ಪಕ್ಕದ ಕನ್ನಡಿಯೋ ಇರುತ್ತದೆ. ಕಣ್ಣಿಗೆ ಕಂಡ ದಾರಿ ಬೇರೆ, ಗುಂಡು ಹೋಗುವ ದಾರಿ ಬೇರೆ. ಇದರಿಂದ ಸ್ವಂತ ಗಾಡಿಗೇ ತೂತು ಮಾಡಿಕೊಂಡವರಿದ್ದಾರೆ.

ಕಿವಿಯ ಮಾತು ಬೇರೆಯೇ. ರೈಫಲ್ ಸದ್ದು 160 ಡೆಸಿಬೆಲ್ ಆಸುಪಾಸು. 140 ದಾಟಿದರೆ ಒಂದೇ ಸಲಕ್ಕೆ ಕಿವಿಗೆ ಪೆಟ್ಟಾಗಬಹುದು. ಕಾರಿನಂಥ ಡಬ್ಬಿಯೊಳಗೆ ಆ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ.

ಆರು ಸೆಕೆಂಡಿನಲ್ಲಿ ಏನೇನು ಆಗಬೇಕು

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ. ಗುಂಡು, ಕೋವಿ, ಕಾರು ಎಲ್ಲ ಪಕ್ಕಕ್ಕಿಡಿ. ರಸ್ತೆ ಶಿಕಾರಿಯಲ್ಲಿ ಇಲ್ಲದಿರುವುದು ಒಂದೇ, ಸಮಯ.

ಕಾಡಿನಲ್ಲಿ ಮರದ ಮೇಲೋ ಪೊದೆಯ ಹಿಂದೆಯೋ ಕೂತವನನ್ನು ನೆನೆಸಿಕೊಳ್ಳಿ. ಬೆಳಕು ಹರಿಯುವ ಮುಂಚೆಯೇ ಬಂದಿರುತ್ತಾನೆ. ಎದುರಿನ ಜಾಗವನ್ನು ತಾಸುಗಟ್ಟಲೆ ನೋಡಿರುತ್ತಾನೆ. ಯಾವ ಕಡೆ ಮನೆ, ಯಾವ ಕಡೆ ಕಾಲುದಾರಿ, ಎಲ್ಲಿಗೆ ಹೊಡೆಯಬಾರದು, ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. ಜಿಂಕೆ ಬಂದಾಗ ಉಳಿದಿರುವ ಪ್ರಶ್ನೆ ಒಂದೇ: ಈಗ ಹೊಡೆಯಲೋ ಬೇಡವೋ.

ಗಾಡಿಯಲ್ಲಿ ಹೋಗುತ್ತಿರುವವನಿಗೆ ಅದೆಲ್ಲವೂ ಒಟ್ಟಿಗೆ ಎದುರಾಗುತ್ತದೆ. ಓಡುವ ಗಾಡಿಗೆ ಹೆದರದ ಜಿಂಕೆಗೆ ಗಾಡಿ ನಿಂತರೆ ಅನುಮಾನ ಬರುತ್ತದೆ. ಕಿವಿ ನಿಮಿರುತ್ತದೆ, ಬಾಲ ಅಲ್ಲಾಡುತ್ತದೆ. ಆರು ಸೆಕೆಂಡ್ ನಿಂತೀತು ಅಂದುಕೊಳ್ಳಿ. ಅಷ್ಟರಲ್ಲಿ ಅವನು ಗಾಡಿ ನಿಲ್ಲಿಸಬೇಕು, ಕೋವಿ ಎತ್ತಬೇಕು, ಅದು ಗಂಡೋ ಹೆಣ್ಣೋ ನೋಡಬೇಕು (ಲೈಸೆನ್ಸ್ ಯಾವುದಕ್ಕಿದೆಯೋ ಅದನ್ನೇ ಹೊಡೆಯಬೇಕಲ್ಲ), ಈ ಹೊಲ ಯಾರದು ಎಂದು ಯೋಚಿಸಬೇಕು, ಹಿಂದೆ ಏನಿದೆ ನೋಡಬೇಕು, ಹಿಂದಿನಿಂದ ಕಾರು ಬರುತ್ತಿದೆಯಾ ನೋಡಬೇಕು. ಗಂಟೆಗೆ 90 ಕಿಲೋಮೀಟರ್ ವೇಗದ ಕಾರು ಆರು ಸೆಕೆಂಡಿನಲ್ಲಿ 150 ಮೀಟರ್ ಬಂದಿರುತ್ತದೆ. ಗಾಡಿ ನಿಲ್ಲಿಸಿದಾಗ ತಿರುವಿನ ಹಿಂದೆ ಕಾಣದಿದ್ದ ಕಾರು ಟ್ರಿಗರ್ ಎಳೆಯುವಾಗ ಪಕ್ಕದಲ್ಲೇ ಇರಬಹುದು. ಇಷ್ಟರ ನಡುವೆ ಅವನ ಎದೆ ಬೇರೆ ಡವಡವ ಹೊಡೆದುಕೊಳ್ಳುತ್ತಿದೆ. ಅನುಭವಸ್ಥರಿಗೂ ಕೈ ನಡುಗುತ್ತದೆ. ಆ ನಡುಕಕ್ಕೆ ಅಮೆರಿಕದ ಶಿಕಾರಿಯವರು 'ಬಕ್ ಫೀವರ್', ಅಂದರೆ ಗಂಡುಜಿಂಕೆ ಜ್ವರ ಎಂದು ಹೆಸರಿಟ್ಟಿದ್ದಾರೆ.

ಅವಸರದ ಬೆಲೆ ತೆರುವುದು ಹೆಚ್ಚಾಗಿ ಪ್ರಾಣಿಯೇ. ಜಿಂಕೆಯನ್ನು ಥಟ್ಟನೆ ಕೊಲ್ಲಬೇಕಾದರೆ ಗುಂಡು ಹೃದಯ ಅಥವಾ ಶ್ವಾಸಕೋಶಕ್ಕೆ ತಾಗಬೇಕು. ಮುಂಗಾಲಿನ ಹಿಂದೆ, ಒಂದು ಊಟದ ತಟ್ಟೆಗಿಂತ ದೊಡ್ಡದಲ್ಲದ ಜಾಗ ಅದು. ಅಲ್ಲಿಗೇ ತಾಗಿದರೂ ಜಿಂಕೆ ಐವತ್ತು, ನೂರು ಮೀಟರ್ ಓಡಿ ಬೀಳಬಹುದು. ಒಂದು ಗೇಣು ಹಿಂದೆ, ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ ನರಳುತ್ತಾ ಎಲ್ಲೋ ಪೊದೆ ಸೇರಿ ಸಾಯುತ್ತದೆ. ಆಗ ಹೊಡೆದವನು ಕಾದು, ರಕ್ತದ ಹನಿ ಹುಡುಕುತ್ತಾ ಹಿಂಬಾಲಿಸಬೇಕು. ಆದರೆ ಆ ಹನಿಗಳು ಬೇಲಿ ದಾಟಿ ಇನ್ನೊಬ್ಬರ ಜಮೀನಿಗೆ ಹೋಗಿದ್ದರೆ? ಹಲವು ಕಡೆ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಕತ್ತಲಾದರೆ, ಮಾಲೀಕ ಸಿಗದಿದ್ದರೆ, ಅಥವಾ ಮೂಲದಲ್ಲೇ ತಪ್ಪು ಜಾಗದಿಂದ ಹೊಡೆದಿದ್ದರೆ, ಗಾಡಿ ಹತ್ತಿ ಹೊರಟುಬಿಡುವುದು ಸುಲಭ.

ಕಟ್ಟಿಹಾಕಿದ ಕರಡಿ

ಸುರಕ್ಷತೆಯ ಪ್ರಶ್ನೆಗೆ ಲೆಕ್ಕ ಇದೆ. ನೀತಿಯ ಪ್ರಶ್ನೆಗೆ ಅಷ್ಟು ಸುಲಭದ ಲೆಕ್ಕ ಇಲ್ಲ.

1902ರ ನವೆಂಬರ್. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಮಿಸಿಸಿಪ್ಪಿಯಲ್ಲಿ ಕರಡಿ ಶಿಕಾರಿಗೆ ಹೋಗಿದ್ದರು. ಅವರಿಗೆ ಕರಡಿ ಸಿಗಲಿಲ್ಲ. ಮಾರ್ಗದರ್ಶಿ ಹೋಲ್ಟ್ ಕೊಲಿಯರ್, ನಾಯಿಗಳು ಸುತ್ತುವರಿದ ಒಂದು ಕರಡಿಯನ್ನು ಬಡಿದು, ಹಗ್ಗ ಹಾಕಿ ಮರಕ್ಕೆ ಕಟ್ಟಿ, ಅಧ್ಯಕ್ಷರಿಗೆ ಹೇಳಿ ಕಳಿಸಿದ. ರೂಸ್ವೆಲ್ಟ್ ಬಂದು ನೋಡಿದರು. ಕಟ್ಟಿಹಾಕಿದ ಪ್ರಾಣಿಗೆ ನಾನು ಗುಂಡು ಹೊಡೆಯುವುದಿಲ್ಲ ಅಂದರು. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು, ಅದನ್ನು ನೋಡಿ ಬ್ರೂಕ್ಲಿನ್‌ನ ಅಂಗಡಿಯವರೊಬ್ಬರು ಬಟ್ಟೆಯ ಕರಡಿ ಮಾಡಿ ಮಾರಿದರು. ಟೆಡ್ಡಿ ಬೇರ್ ಹುಟ್ಟಿದ್ದು ಹಾಗೆ.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆ ಕರಡಿ ಬದುಕಲಿಲ್ಲ. ಗಾಯವಾಗಿ ನರಳುತ್ತಿದ್ದುದರಿಂದ ಅದನ್ನು ಮುಗಿಸಿಬಿಡಿ ಎಂದು ರೂಸ್ವೆಲ್ಟ್ ಹೇಳಿದರು. ಚಾಕುವಿನಿಂದ ಕೊಂದರು. ಕರಡಿಯ ಕಡೆಯಿಂದ ನೋಡಿದರೆ ಒಂದು ನೇರ ಗುಂಡೇ ಮೇಲಾಗಿತ್ತೇನೋ. ಹಾಗಾದರೆ ರೂಸ್ವೆಲ್ಟ್ ಮಾಡಿದ್ದು ಕರಡಿಗೋಸ್ಕರವೋ, ತಮಗೋಸ್ಕರವೋ?

ಅವರು 1887ರಲ್ಲೇ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಎಂಬ ಶಿಕಾರಿ ಸಂಘ ಕಟ್ಟಿದ್ದರು. 'ಫೇರ್ ಚೇಸ್' ಎಂಬ ಮಾತನ್ನು ಬೆಳೆಸಿದ ಸಂಘ ಅದು. ನ್ಯಾಯದ ಬೇಟೆ ಅನ್ನೋಣ. ಅದರ ತಿರುಳು: ಪ್ರಾಣಿ ಸ್ವತಂತ್ರವಾಗಿ ಓಡಾಡುತ್ತಿರಬೇಕು, ತಪ್ಪಿಸಿಕೊಳ್ಳಲು ಅದಕ್ಕೆ ನಿಜವಾದ ಅವಕಾಶ ಇರಬೇಕು, ಬೇಟೆಗಾರ ಅತಿಯಾದ ಅನುಕೂಲ ಮಾಡಿಕೊಳ್ಳಬಾರದು. ಈ ಅಳತೆಯಲ್ಲಿ ಕಿಟಕಿಯಿಂದ ಹೊಡೆಯುವುದು ನಪಾಸು. ಜಿಂಕೆಗೆ ಮನುಷ್ಯನ ವಾಸನೆ, ಹೆಜ್ಜೆ ಸದ್ದು, ಆಕಾರ ಎಲ್ಲ ಗೊತ್ತು. ಗಾಡಿಯೊಳಗಿನವನ ವಿಷಯದಲ್ಲಿ ಆ ಯಾವ ಅರಿವೂ ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಈಗ ಆಸ್ಟ್ರೇಲಿಯಾಕ್ಕೆ ಹೋಗೋಣ. ಅಲ್ಲಿ ಮಾಂಸ ಮತ್ತು ಚರ್ಮಕ್ಕಾಗಿ ಕಾಂಗರೂ ಹೊಡೆಯುವ ಲೈಸೆನ್ಸುದಾರರಿದ್ದಾರೆ. ರಾತ್ರಿ ಹೊತ್ತು, ಗಾಡಿಯಲ್ಲಿ ಹೋಗಿ, ಪ್ರಖರ ದೀಪ ಬಿಟ್ಟು, ಗಾಡಿಯ ಮೇಲೆ ಕೋವಿ ಊರಿ ಹೊಡೆಯುತ್ತಾರೆ. ಗುಂಡು ತಲೆಗೇ ಬೀಳಬೇಕು ಎಂದು ನಿಯಮ ಇದೆ. ನ್ಯಾಯದ ಬೇಟೆಯ ಕಣ್ಣಿಗೆ ಇದರಲ್ಲಿ ಸರಿ ಅನ್ನುವಂಥದ್ದು ಒಂದೂ ಇಲ್ಲ. ಆದರೆ ನೋವಿನ ಲೆಕ್ಕ ಹಾಕಿದರೆ? ಪ್ರಾಣಿ ದೀಪ ನೋಡುತ್ತಾ ನಿಂತಿದೆ, ಕೋವಿ ಅಲ್ಲಾಡುತ್ತಿಲ್ಲ, ಹೊಡೆಯುವವನು ಪಳಗಿದ ಕೈ. ಏನಾಯಿತೆಂದು ತಿಳಿಯುವ ಮುಂಚೆ ಸತ್ತಿರುತ್ತದೆ.

ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇತ್ತೇ ಎನ್ನುವುದು ಒಂದು. ಪ್ರಾಣಿ ನೋವಿಲ್ಲದೆ ಸತ್ತಿತೇ ಎನ್ನುವುದು ಇನ್ನೊಂದು. ಅವಕಾಶ ಜಾಸ್ತಿ ಕೊಟ್ಟಷ್ಟೂ ಗಾಯವಾಗಿ ತಪ್ಪಿಸಿಕೊಳ್ಳುವ ಸಾಧ್ಯತೆಯೂ ಜಾಸ್ತಿ. ಆಟವಾಗಿ ಬೇಟೆ ಆಡುವವನಿಗೆ ಮೊದಲನೆಯದು ದೊಡ್ಡದು. ಮಾಂಸಕ್ಕೋ, ಪ್ರಾಣಿಗಳ ಸಂಖ್ಯೆ ತಗ್ಗಿಸುವುದಕ್ಕೋ ಕೆಲಸವಾಗಿ ಹೊಡೆಯುವವನಿಗೆ ಎರಡನೆಯದೇ ಎಲ್ಲ. ಸಾಮಾನ್ಯ ರಸ್ತೆ ಶಿಕಾರಿಯ ಕಷ್ಟ ಏನೆಂದರೆ ಅದು ಎರಡರಲ್ಲೂ ನಿಲ್ಲುವುದಿಲ್ಲ. ಪ್ರಾಣಿಯನ್ನು ಮೋಸದಲ್ಲಿ ಹಿಡಿದ ಹಾಗೂ ಆಯಿತು, ಅವಸರದ ಈಡಿನಿಂದ ನೋವೂ ಆಯಿತು.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ

ಒಂದೇ ಗೆರೆ ಇಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಹೆಚ್ಚಿನ ಕಡೆ ಗಾಡಿಯೊಳಗಿನಿಂದ ಹೊಡೆಯುವುದು, ಸಾರ್ವಜನಿಕ ರಸ್ತೆಗೆ ಅಡ್ಡವಾಗಿ ಹೊಡೆಯುವುದು ಅಪರಾಧ. ವಲಸೆ ಹಕ್ಕಿಗಳ ವಿಷಯದಲ್ಲಿ ಇಡೀ ದೇಶಕ್ಕೆ ಒಂದೇ ನಿಯಮ, ಮೋಟಾರು ಗಾಡಿಯಿಂದ ಹೊಡೆಯುವಂತಿಲ್ಲ. ಕಾಲಿಲ್ಲದವರು, ಸೊಂಟದ ಕೆಳಗೆ ಸ್ವಾಧೀನ ಇಲ್ಲದವರು ಮಾತ್ರ ನಿಂತ ಗಾಡಿಯಿಂದ ಹೊಡೆಯಬಹುದು. ಈ ವಿನಾಯಿತಿಯ ಬಗ್ಗೆ ಹೆಚ್ಚು ತಕರಾರಿಲ್ಲ. ಹಲವು ರಾಜ್ಯಗಳು ಉಳಿದ ಪ್ರಾಣಿಗಳಿಗೂ ಅಂಗವಿಕಲರಿಗೆ ಇಂಥ ಪರ್ಮಿಟ್ ಕೊಡುತ್ತವೆ.

ಪೆನ್ಸಿಲ್ವೇನಿಯಾದಲ್ಲಿ ಗಾಡಿಯಿಂದ ಇಳಿದವನು ರಸ್ತೆಯಿಂದ 25 ಗಜ, ಸುಮಾರು 23 ಮೀಟರ್, ದೂರ ನಡೆದ ಮೇಲೆಯೇ ಹೊಡೆಯಬೇಕು. ಓದಿದಾಗ ನಗು ಬರುತ್ತದೆ. ಇಪ್ಪತ್ತಮೂರು ಮೀಟರ್ ನಡೆದರೆ ಏನು ಮಹಾ ಬದಲಾಗುತ್ತದೆ? ಸಮಯ ಬದಲಾಗುತ್ತದೆ. ಅಷ್ಟು ನಡೆಯುವಷ್ಟರಲ್ಲಿ ಜಿಂಕೆ ಮನುಷ್ಯನನ್ನು ನೋಡುತ್ತದೆ, ಮನುಷ್ಯ ಜಿಂಕೆಯ ಹಿಂದಿನ ಮನೆಯನ್ನು ನೋಡುತ್ತಾನೆ.

ಅಲಾಸ್ಕಾದಲ್ಲಿ ಜನ ಕಾಡಿಗೆ ಹೋಗುವುದೇ ಸಣ್ಣ ವಿಮಾನದಲ್ಲಿ. ಮೇಲಿನಿಂದ ಪ್ರಾಣಿ ನೋಡಿ, ಪಕ್ಕದಲ್ಲೇ ಇಳಿದು ಹೊಡೆದರೆ? ಅದಕ್ಕೆ ಅಲ್ಲಿ ನಿಯಮ ಮಾಡಿದ್ದಾರೆ. ಹೆಚ್ಚಿನ ದೊಡ್ಡ ಪ್ರಾಣಿಗಳನ್ನು ವಿಮಾನದಲ್ಲಿ ಬಂದ ದಿನ ಹೊಡೆಯುವಂತಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ಕಾಯಬೇಕು. ಇಲ್ಲೂ ನಡುವೆ ತುರುಕಿರುವುದು ಸಮಯವನ್ನೇ.

ಸೌತ್ ಡಕೋಟಾದಲ್ಲಿ ಇದು ಉಲ್ಟಾ. ಅಲ್ಲಿ ಫೆಸೆಂಟ್ ಶಿಕಾರಿ ಹಬ್ಬದ ಹಾಗೆ. ರಸ್ತೆ ಬದಿಯ ಜಾಗದಲ್ಲಿ ಫೆಸೆಂಟ್‌ನಂಥ ಸಣ್ಣ ಪ್ರಾಣಿಗಳ ಬೇಟೆ ಆಡಲು ಕಾನೂನೇ ಅವಕಾಶ ಕೊಟ್ಟಿದೆ. ಆದರೆ ಗಾಡಿಯಿಂದ ಇಳಿದಿರಬೇಕು. ಶಾಲೆ, ಚರ್ಚು, ಜನವಾಸದ ಮನೆ, ಸಾಕುಪ್ರಾಣಿ ಇವುಗಳಿಂದ 660 ಅಡಿ, ಅಂದರೆ 200 ಮೀಟರ್ ಒಳಗೆ ಕೋವಿ ಹಾರಿಸುವಂತಿಲ್ಲ. ಹಕ್ಕಿಗೆ ಬಳಸುವುದು ಒಂಟಿ ಗುಂಡಲ್ಲ, ಚರೆ, ಅಂದರೆ ಒಂದೇ ತೋಟೆಯಲ್ಲಿ ತುಂಬಿದ ಕಾಳಿನಂಥ ಸಣ್ಣ ಗುಂಡುಗಳು. ಹಾರುವ ಹಕ್ಕಿಗೆ ಮೇಲ್ಮುಖವಾಗಿ ಹೊಡೆದ ಸಣ್ಣ ಚರೆ ಇನ್ನೂರು, ಮುನ್ನೂರು ಮೀಟರ್‌ನಲ್ಲಿ ಸುಸ್ತಾಗಿ ಬೀಳುತ್ತದೆ. ರೈಫಲ್ ಗುಂಡಿನ ಹಾಗೆ ಮೈಲಿಗಟ್ಟಲೆ ಹೋಗುವುದಿಲ್ಲ. ಆ 660 ಅಡಿ ಎಲ್ಲಿಂದ ಅರ್ಥ ಪಡೆಯುತ್ತದೆ ಎಂದು ಈಗ ಗೊತ್ತಾಗುತ್ತದೆ.

ಇಂಗ್ಲೆಂಡಿನ ಹೆದ್ದಾರಿ ಕಾಯ್ದೆ ಮತ್ತೂ ಬೇರೆ ದಾರಿ ಹಿಡಿದಿದೆ. ರಸ್ತೆ ನಡುಗೆರೆಯಿಂದ 50 ಅಡಿಯೊಳಗೆ ಕೋವಿ ಹಾರಿಸಿ, ಅದರಿಂದ ರಸ್ತೆಯಲ್ಲಿ ಹೋಗುವವರಿಗೆ ಪೆಟ್ಟಾದರೆ, ಅಡ್ಡಿಯಾದರೆ ಅಥವಾ ಅಪಾಯವಾದರೆ ತಪ್ಪು. ಅಂದರೆ ಜಾಗಕ್ಕಿಂತ ಪರಿಣಾಮದ ಮೇಲೆ ಕಣ್ಣು.

ಬೊಂಬೆ ಜಿಂಕೆ

ನಿರ್ಜನ ರಸ್ತೆಯಲ್ಲಿ ಒಂದು ಗುಂಡು ಹಾರಿದರೆ ಸಾಕ್ಷಿ ಯಾರು? ಇದಕ್ಕೆ ಅಮೆರಿಕದ ವನ್ಯಜೀವಿ ಅಧಿಕಾರಿಗಳು ಒಂದು ಉಪಾಯ ಹುಡುಕಿದ್ದಾರೆ.

ನಿಜವಾದ ಚರ್ಮ ಹೊದಿಸಿದ ಬೊಂಬೆ ಜಿಂಕೆಯನ್ನು ರಸ್ತೆಯಿಂದ ಕಾಣುವ ಹಾಗೆ ನಿಲ್ಲಿಸುತ್ತಾರೆ. ಕೊಂಬೂ ನಿಜವಾದದ್ದೇ. ಒಳಗೆ ಮೋಟಾರು. ಪೊದೆಯಲ್ಲಿ ಅಡಗಿದ ಅಧಿಕಾರಿ ರಿಮೋಟ್ ಒತ್ತಿದರೆ ತಲೆ ತಿರುಗುತ್ತದೆ, ಬಾಲ ಆಡುತ್ತದೆ. ರಾತ್ರಿ ಕೆಲಸಕ್ಕೆ ಬೆಳಕು ಬಿದ್ದರೆ ಹೊಳೆಯುವ ಕಣ್ಣೂ ಇಡುತ್ತಾರೆ. ಜಿಂಕೆಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇರುವುದರಿಂದ ಕತ್ತಲಲ್ಲಿ ದೀಪ ಬಿಟ್ಟರೆ ಕಣ್ಣು ಮಿನುಗುತ್ತದಲ್ಲ, ಅದರ ನಕಲು. ಗಾಡಿ ನಿಲ್ಲುತ್ತದೆ, ಕಿಟಕಿ ಇಳಿಯುತ್ತದೆ, ಗುಂಡು ಹಾರುತ್ತದೆ. ಜಿಂಕೆ ಬೀಳುವುದಿಲ್ಲ. ಇನ್ನೊಂದು ಗುಂಡು ಹಾರುತ್ತದೆ. ಆಗಲೂ ಅದು ಬಾಲ ಆಡಿಸುತ್ತಾ ನಿಂತಿರುತ್ತದೆ. ಅಷ್ಟರಲ್ಲಿ ಗಾಡಿಯ ಹಿಂದೆ ಅಧಿಕಾರಿಯ ದೀಪ ಹತ್ತಿರುತ್ತದೆ.

ಇದು ಮೋಸ ಅಲ್ವಾ ಎಂದು ಸಿಕ್ಕಿಬಿದ್ದವರು ಕೇಳುತ್ತಾರೆ. ಅಲ್ಲಿನ ಕಾನೂನಿನ ಉತ್ತರ ಹೀಗೆ. ಮನಸ್ಸಿಲ್ಲದವನನ್ನು ಅಧಿಕಾರಿಯೇ ಪುಸಲಾಯಿಸಿ ತಪ್ಪು ಮಾಡಿಸಿದರೆ ಅದು ಮೋಸ. ಸುಮ್ಮನೆ ನಿಂತ ಜಿಂಕೆ ಯಾರನ್ನೂ ಪುಸಲಾಯಿಸುವುದಿಲ್ಲ. ನೋಡಿಕೊಂಡು ಮುಂದೆ ಹೋದವನಿಗೆ ಏನೂ ಆಗುವುದಿಲ್ಲ. ಸಿಕ್ಕಿಬಿದ್ದವನಿಗೆ ದಂಡದ ಜೊತೆ ಲೈಸೆನ್ಸೂ ಹೋಗಬಹುದು. ಅಮೆರಿಕದ ರಾಜ್ಯಗಳ ನಡುವೆ ಒಪ್ಪಂದ ಇರುವುದರಿಂದ ಒಂದು ಕಡೆ ಹೋದ ಲೈಸೆನ್ಸ್ ಬಹುತೇಕ ಎಲ್ಲ ಕಡೆಯೂ ಹೋದ ಹಾಗೆ.

ದಾರಿಯಲ್ಲಿ ಕಂಡರೆ

ಸೀಸನ್‌ನಲ್ಲಿ ಇಂಥ ರಸ್ತೆಗಳಲ್ಲಿ ಓಡಾಡುವವರು ಬೆಳಕು ಹರಿಯುವ ಮತ್ತು ಮುಳುಗುವ ಹೊತ್ತಿನಲ್ಲಿ ನಿಧಾನವಾಗಿ ಹೋಗುವುದು ಒಳ್ಳೆಯದು. ರಸ್ತೆ ಬದಿ ನಿಂತ ಪ್ರತಿ ಗಾಡಿಯೂ ಅಪರಾಧಿಯದ್ದಲ್ಲ. ಹೆಚ್ಚಿನವು ನಡೆದು ಕಾಡಿಗೆ ಹೋದವರ ಗಾಡಿಗಳು. ಅದರ ಮಾಲೀಕ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಯಾವ ಪೊದೆಯಿಂದಾದರೂ ರಸ್ತೆಗೆ ಇಳಿಯಬಹುದು.

ಕಿಟಕಿಯಿಂದ ನಳಿಗೆ ಹೊರಗೆ ಬಂದದ್ದು ಕಂಡರೆ ಅದನ್ನು ದಾಟಿ ಮುಂದೆ ಹೋಗಬೇಡಿ, ಹಿಂದೆಯೇ ದೂರ ನಿಲ್ಲಿ. ಇಳಿದು ಜಗಳಕ್ಕೆ ಹೋಗುವುದಂತೂ ಬೇಡವೇ ಬೇಡ, ಎದುರಿಗಿರುವವನ ಕೈಯಲ್ಲಿ ತುಂಬಿದ ಕೋವಿ ಇದೆ. ಗಾಡಿಯ ನಂಬರ್, ಬಣ್ಣ, ಹೊತ್ತು, ಹತ್ತಿರದ ಮೈಲಿಗಲ್ಲು ಗುರುತು ಮಾಡಿಕೊಂಡು ಆ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ. ಕಳ್ಳಬೇಟೆಯ ದೂರಿಗೆಂದೇ ಹೆಚ್ಚಿನ ರಾಜ್ಯಗಳಲ್ಲಿ ಬೇರೆ ನಂಬರ್ ಇರುತ್ತದೆ, ಹೆಸರು ಹೇಳದೆಯೂ ತಿಳಿಸಬಹುದು. ಜಿಂಕೆ ಯಾವ ದಿಕ್ಕಿಗೆ ಓಡಿತು ಅನ್ನುವುದನ್ನೂ ಹೇಳಿ. ಗಾಯಗೊಂಡಿದ್ದರೆ ಹುಡುಕಲು ಅವರಿಗೆ ಅದೇ ಮೊದಲ ಸುಳಿವು.